ಇಎಸ್‌ಐ ಹಾಕೋದಾ, ಎಪಿಸಿಐ ಹಾಕೋದಾ?

ಮಿಶ್ರಣವನ್ನು ಬೇರ್ಪಡಿಸುವ ಎಲ್‌ಸಿ (ಲಿಕ್ವಿಡ್ ಕ್ರೊಮ್ಯಾಟೋಗ್ರಫಿ) ಕಾಲಮ್‌ನಿಂದ ದ್ರವ ಹೊರಬರುತ್ತದೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಒಳಗೋ ಬರೀ ನಿರ್ವಾತ. ಅಣುಗಳಿಗೆ ಚಾರ್ಜ್ ಕೊಟ್ಟು ಇವೆರಡನ್ನೂ ಜೋಡಿಸುವ ಸೋರ್ಸ್ ಯಾವುದು, ಇಎಸ್‌ಐ (ಎಲೆಕ್ಟ್ರೋಸ್ಪ್ರೇ ಅಯಾನೀಕರಣ) ಬೇಕೋ, ಎಪಿಸಿಐ (ವಾತಾವರಣದ ಒತ್ತಡದಲ್ಲಿ ರಾಸಾಯನಿಕ ಅಯಾನೀಕರಣ) ಬೇಕೋ ಅನ್ನೋದೇ ಪ್ರಶ್ನೆ.

ಒಂದನ್ನೇ ಕೊಳ್ಳುವುದಾದರೆ ಇಎಸ್‌ಐ ತಗೊಳ್ಳಿ. ಸೂಜಿಗೆ 3-5 ಕಿಲೋವೋಲ್ಟ್ ಕೊಟ್ಟರೆ ದ್ರವ ಚಾರ್ಜ್ ಹೊತ್ತ ಸಣ್ಣ ಹನಿಗಳಾಗಿ ಸಿಡಿಯುತ್ತದೆ. ಹನಿ ಆರುತ್ತಾ ಆರುತ್ತಾ ಕೊನೆಗೆ ಅಯಾನು, ಅಂದರೆ ಚಾರ್ಜ್ ಹೊತ್ತ ಅಣು, ಉಳಿಯುತ್ತದೆ. ದೊಡ್ಡ ಪ್ರೋಟೀನ್ ಕೂಡ ಒಡೆಯದೆ, ಹತ್ತಾರು ಚಾರ್ಜ್ ಹೊತ್ತು ಬರುತ್ತದೆ. ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಇದಕ್ಕೇ. ಆದರೆ ಇದು ಸ್ವಲ್ಪ ಮುಂಗೋಪಿ. ಸ್ಯಾಂಪಲ್‌ನಲ್ಲಿ ಉಪ್ಪು, ಕೊಬ್ಬು ಜಾಸ್ತಿಯಿದ್ದರೆ ಸಿಗ್ನಲ್ ಕುಸಿಯುತ್ತದೆ.

ಎಪಿಸಿಐ ಬೇರೆ ಥರ. ದ್ರವವನ್ನು 400 ಡಿಗ್ರಿ ಆಸುಪಾಸಿನಲ್ಲಿ ಆವಿ ಮಾಡಿ, ಆಮೇಲೆ ಕೊರೋನಾ ಸೂಜಿಯಿಂದ (ತುದಿಯಲ್ಲಿ ವಿದ್ಯುತ್ ಚಿಮ್ಮಿಸುವ ಸೂಜಿ) ಚಾರ್ಜ್ ಕೊಡುತ್ತದೆ. ವಿಟಮಿನ್ ಡಿ, ಸ್ಟೀರಾಯ್ಡ್‌ನಂಥ ನೀರಿಗೆ ಒಗ್ಗದ ಸಣ್ಣ ಅಣುಗಳಿಗೆ ಇದೇ ವಾಸಿ. ಕೊಳೆ ಸ್ಯಾಂಪಲ್‌ಗೂ ಅಷ್ಟು ಬೆದರುವುದಿಲ್ಲ. ಶಾಖ ತಾಳದ ಅಣು, ಪ್ರೋಟೀನ್ ಮಾತ್ರ ಇಲ್ಲಿಗೆ ಬೇಡ.

ಅಂದಹಾಗೆ, ಯಾವುದನ್ನೇ ಆರಿಸಿದರೂ ಎಲ್‌ಸಿ ದ್ರವಕ್ಕೆ ಫಾಸ್ಫೇಟ್ ಬಫರ್ (ದ್ರವದ ಆಮ್ಲೀಯತೆ ಬದಲಾಗದಂತೆ ಕಾಯುವ ಉಪ್ಪು) ಹಾಕಬೇಡಿ. ಅದು ಆವಿಯಾಗದೆ ಸೋರ್ಸ್ ಬಾಯಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಅಮೋನಿಯಂ ಫಾರ್ಮೇಟ್ ಸಾಕು.