ತಾರೀಕು ಲೈಬ್ರರಿಗಳು: ಮಂಡಿ ಲೆಕ್ಕದಲ್ಲಿ ಆರು ವರ್ಷ ಓಡಿಸಿ ನೋಡಿದ ಮೇಲೆ

ದಾವಣಗೆರೆ ಎಪಿಎಂಸಿಯ ಕೆಲವು ಮೆಕ್ಕೆಜೋಳದ ಅಂಗಡಿಗಳಿಗೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಟ್ಟು, 2019ರಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಲಾಟ್ ಬಂದ ದಿನ, ಪಟ್ಟಿ (ಮಾರಾಟದ ಬಿಲ್ಲು) ಬರೆದ ದಿನ, ದುಡ್ಡು ಬಂದ ದಿನ, ಬಾಕಿಗೆ ಬಡ್ಡಿ. ಎಲ್ಲ ತಾರೀಕಿನ ಮೇಲೇ ನಿಂತಿದೆ. ಮೊಮೆಂಟ್, ಡೇಜೆಎಸ್, ಲಕ್ಸನ್, ಡೇಟ್-ಎಫ್‌ಎನ್‌ಎಸ್ ಎಂಬ ನಾಲ್ಕು ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನೂ (ತಾರೀಕು ಲೆಕ್ಕಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದೇ ಆ್ಯಪ್‌ನಲ್ಲಿ ಹಾಕಿ, ತೆಗೆದು, ಮತ್ತೆ ಹಾಕಿದ್ದೇನೆ.

ಶುರು ಮಾಡಿದ್ದು ಮೊಮೆಂಟ್‌ನಿಂದ. ಆಗ ಎಲ್ಲರೂ ಅದನ್ನೇ ಹಾಕುತ್ತಿದ್ದರು. ಬಳಸಲು ಸಲೀಸು, ಆದರೆ ಅದರ ತಾರೀಕಿಗೆ ದಿನ ಕೂಡಿಸಿದರೆ ಮೂಲ ತಾರೀಕೇ ಬದಲಾಗುತ್ತದೆ. ಅದನ್ನು ಸರಿಯಾಗಿ ಓದದೆ, ಪಟ್ಟಿ ದಿನಕ್ಕೆ 15 ದಿನ ಕೂಡಿಸಿ ಗಡುವು ಲೆಕ್ಕ ಹಾಕಿಬಿಟ್ಟೆ. ಮರುದಿನ ಗುಮಾಸ್ತರ ಫೋನು: 'ತಮ್ಮಾ, ನಿನ್ನ ಕಂಪ್ಯೂಟರ್ ಮುಂದಿನ ತಿಂಗಳ ಪಟ್ಟಿ ಇವತ್ತೇ ಬರಿತೈತಲ್ಲ!' ಕ್ಲೋನ್ (ನಕಲು) ಮಾಡಿ ಕೂಡಿಸಬೇಕಿತ್ತು. ಇನ್ನೊಂದು ತಮಾಷೆ: ಕನ್ನಡ ಲೊಕೇಲ್ (ಭಾಷೆಯ ಸೆಟ್ಟಿಂಗ್) ಹಾಕಿದರೆ ಮೊಮೆಂಟ್ ಅಂಕಿಗಳನ್ನೂ ಕನ್ನಡ ಮಾಡುತ್ತದೆ. ಪಟ್ಟಿಯಲ್ಲಿ '೦೫' ನೋಡೋಕೆ ಚಂದ. ಅದೇ ಸರ್ವರ್‌ಗೂ ಹೋಯಿತು, ಡೇಟಾಬೇಸ್ ಬಾಗಿಲು ಹಾಕಿಕೊಂಡಿತು.

ಮೊಮೆಂಟ್ ಭಾರ ಕೂಡ ಹೌದು. ಸುಮ್ನೆ ಇಂಪೋರ್ಟ್ ಮಾಡಿ, ಕೋಡನ್ನೆಲ್ಲ ಒಂದೇ ಗಂಟು ಕಟ್ಟುವ ವೆಬ್‌ಪ್ಯಾಕ್‌ಗೆ ಕೊಟ್ಟರೆ ಬೇಡದ ಭಾಷೆಗಳ ಫೈಲುಗಳೂ ಹಿಂದೆಯೇ ಬರುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಅದರ ತಂಡದವರೇ 'ಇನ್ನು ಹೊಸದೇನೂ ಸೇರಿಸುವುದಿಲ್ಲ, ಹೊಸ ಕೆಲಸಕ್ಕೆ ಬೇರೆ ನೋಡಿಕೊಳ್ಳಿ' ಎಂದರು. ನಾನೂ ಹೊರಟೆ.

ಡೇಜೆಎಸ್ ಸುಮಾರು 2 ಕೆಬಿ ಅಷ್ಟೇ. ಹೆಚ್ಚುಕಡಿಮೆ ಮೊಮೆಂಟ್‌ನ ಹೆಸರುಗಳೇ, ಒಂದು ಸಂಜೆಯಲ್ಲಿ ಬದಲಾಯಿಸಿ ಮುಗಿಸಿದೆ. ಮೂಲ ತಾರೀಕು ಬದಲಾಗುವ ಕಾಟವೂ ಇಲ್ಲ. ಆದರೆ ಬೇಕಾದ್ದಕ್ಕೆಲ್ಲ ಪ್ಲಗಿನ್ (ಹೆಚ್ಚುವರಿ ತುಣುಕು) ಸೇರಿಸಬೇಕು. 'ದಿನ/ತಿಂಗಳು/ವರ್ಷ' ಎಂದು ಫಾರ್ಮ್ಯಾಟ್ ಕೊಟ್ಟು ಓದಿಸಲೂ ಒಂದು ಪ್ಲಗಿನ್ ಇದೆ. ನಾನು ಅದನ್ನು ಮರೆತೆ. ಪ್ಲಗಿನ್ ಇಲ್ಲದಿದ್ದರೆ ಕೊಟ್ಟ ಫಾರ್ಮ್ಯಾಟ್ ಲೆಕ್ಕಕ್ಕೇ ಇಲ್ಲ, ಬ್ರೌಸರ್ ಅಮೆರಿಕದವರ ಹಾಗೆ ಓದುತ್ತದೆ. ಮಾರ್ಚ್ 5 ಹೋಗಿ ಮೇ 3 ಆಯಿತು. ತಿಂಗಳ ಮೊದಲ 12 ದಿನ ಯಾರಿಗೂ ಗೊತ್ತಾಗಲಿಲ್ಲ. 13ನೇ ತಾರೀಕು ಬಂತು, ಹದಿಮೂರನೇ ತಿಂಗಳು ಎಲ್ಲಿಂದ ತರೋದು? 'ಇನ್‌ವ್ಯಾಲಿಡ್ ಡೇಟ್' ಎಂದು ಬಂದಾಗ ಸಿಕ್ಕಿಬಿದ್ದೆ.

ಈಗ ವೇಗದ ಮಾತು. ಮೆಕ್ಕೆಜೋಳದ ಸೀಸನ್‌ನಲ್ಲಿ ಒಂದು ಅಂಗಡಿಯ ಖಾತೆ ಸಾವಿರಾರು ಸಾಲು ದಾಟುತ್ತದೆ. ಲೈಬ್ರರಿ ಬದಲಾಯಿಸಿದ ಮೇಲೆ ಪುಟ ಬೇಗ ತೆರೆಯಿತು, ನಿಜ. ಇಳಿಸುವ ಕೋಡ್ ಕಡಿಮೆಯಾಗಿತ್ತು, ಯಾರ್ಡ್‌ನಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಆದರೆ ಖಾತೆ ತೆರೆದ ಮೇಲಿನ ತಡವರಿಕೆ ಹೋಗಲೇ ಇಲ್ಲ. ಯಾವ ಕೋಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪ್ರೊಫೈಲರ್ ಹಾಕಿ ನೋಡಿದರೆ ಕಳ್ಳ ನಾನೇ. ಕನ್ನಡದಲ್ಲಿ ತಿಂಗಳ ಹೆಸರು ತೋರಿಸಲು ಪ್ರತಿ ಸಾಲಿಗೂ ಜಾವಾಸ್ಕ್ರಿಪ್ಟ್‌ನದೇ ಫಂಕ್ಷನ್ ಆದ ಟು-ಲೊಕೇಲ್-ಡೇಟ್-ಸ್ಟ್ರಿಂಗ್ ಕರೆಯುತ್ತಿದ್ದೆ. ಅದರ ಬದಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟ್ಲ್‌ನ ಡೇಟ್-ಟೈಮ್-ಫಾರ್ಮ್ಯಾಟ್ ಒಂದನ್ನು ಲೂಪಿನ ಹೊರಗೆ ಮಾಡಿಟ್ಟುಕೊಂಡು, ಅದನ್ನೇ ಎಲ್ಲ ಸಾಲಿಗೂ ಬಳಸಿದೆ. ಹಂಚು ಕಾದ ಮೇಲೆ ದೋಸೆ ಮೇಲೆ ದೋಸೆ ಹುಯ್ಯುವುದು ಬಿಟ್ಟು, ಒಂದೊಂದು ದೋಸೆಗೂ ಹೊಸ ಹಂಚು ಕಾಯಿಸುತ್ತಿದ್ದೆ ನಾನು!

ಸಾರ್ಟಿಂಗ್‌ದೂ ಅದೇ ಕಥೆ. ಎರಡು ಸಾಲು ಹೋಲಿಸಲು ಎರಡು ತಾರೀಕು ಆಬ್ಜೆಕ್ಟ್ ಹುಟ್ಟಿಸುತ್ತಿದ್ದೆ. '2024-11-05' ಎಂದು ವರ್ಷ ಮೊದಲು ಬರೆದಿಟ್ಟರೆ ಬರೀ ಅಕ್ಷರವಾಗಿ ಹೋಲಿಸಿದರೂ ಕ್ರಮ ಸರಿಯಾಗೇ ಬರುತ್ತದೆ. ಲೈಬ್ರರಿಯೇ ಬೇಡ. ಈ ಎರಡು ತಿದ್ದುಪಡಿ ಕೊಟ್ಟಷ್ಟು ವೇಗವನ್ನು ನಾಲ್ಕು ಲೈಬ್ರರಿಗಳಲ್ಲಿ ಯಾವುದೂ ನನಗೆ ಕೊಡಲಿಲ್ಲ.

ಲಕ್ಸನ್ ಜಾಸ್ತಿ ದಿನ ಉಳಿಯಲಿಲ್ಲ. ಟೈಮ್‌ಝೋನ್ ಕೆಲಸಕ್ಕೆ ಅಚ್ಚುಕಟ್ಟು, ಆದರೆ ನಮ್ಮ ದೇಶಕ್ಕೆಲ್ಲ ಒಂದೇ ಸಮಯ, ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿಯೂ ಇಲ್ಲ. ದುಬೈಗೋ ಲಂಡನ್‌ಗೋ ಮೀಟಿಂಗ್ ಇಡುವವರು ತೆಗೆದುಕೊಳ್ಳಲಿ.

ಈಗ ಇರುವುದು ಡೇಟ್-ಎಫ್‌ಎನ್‌ಎಸ್. ಬೇಕಾದ ಫಂಕ್ಷನ್ ಮಾತ್ರ ತೆಗೆದುಕೊಂಡರೆ ಉಳಿದದ್ದು ಬಿಲ್ಡ್‌ನಲ್ಲಿ ಬರುವುದಿಲ್ಲ. ನಾನು ಬಳಸುವುದು ಆರೇಳು. ಬಡ್ಡಿ ಲೆಕ್ಕ ಮಾಡುವವರು ಒಂದು ಗಮನಿಸಿ: 'ಡಿಫರೆನ್ಸ್-ಇನ್-ಡೇಸ್' ಪೂರ್ತಿ 24 ಗಂಟೆ ಆಗಿದ್ದರೆ ಮಾತ್ರ ಒಂದು ದಿನ ಎನ್ನುತ್ತದೆ. ಸೋಮವಾರ ಬೆಳಿಗ್ಗೆ 10ರಿಂದ ಮಂಗಳವಾರ 9ಕ್ಕೆ ಸೊನ್ನೆ ದಿನ. ಸಾಹುಕಾರ್ರು ಒಪ್ಪುತ್ತಾರಾ? ಹೆಸರಿನ ಮಧ್ಯೆ 'ಕ್ಯಾಲೆಂಡರ್' ಇರುವುದನ್ನು ಬಳಸಿ. ಮೊಮೆಂಟ್‌ನಿಂದ ಬರುವವರಿಗೆ ಇನ್ನೊಂದು ಮಾತು. ಫಾರ್ಮ್ಯಾಟ್ ಬರೆಯುವಾಗ ದಿನಕ್ಕೂ ವರ್ಷಕ್ಕೂ ಇಲ್ಲಿ ಸಣ್ಣ ಅಕ್ಷರ (dd, yyyy), ಹಳೆಯ ದೊಡ್ಡ ಅಕ್ಷರ ಹಾಕಿದರೆ ಎರರ್ ಕೊಡುತ್ತದೆ. ತಪ್ಪು ತಾರೀಕು ಛಾಪಿಸುವುದಕ್ಕಿಂತ ಎರರ್ ವಾಸಿ.

ಯಾವ ಲೈಬ್ರರಿ ಇದ್ದರೂ ಉಳಿಯುವ ಒಂದು ಗುಂಡಿ ಇದೆ. ನಮ್ಮ ನಡುರಾತ್ರಿಯ ಡೇಟ್‌ಗೆ ಟು-ಐಎಸ್ಒ-ಸ್ಟ್ರಿಂಗ್ (ತಾರೀಕನ್ನು ಅಕ್ಷರವಾಗಿ ಬರೆಯುವ ಫಂಕ್ಷನ್) ಕರೆದರೆ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಹಿಂದಿನ ದಿನದ ಸಂಜೆ 6:30 ಸಿಗುತ್ತದೆ. ಏಪ್ರಿಲ್ 1ರ ಪಟ್ಟಿ ಮಾರ್ಚ್ 31ಕ್ಕೆ ಹೋಗಿ ಕೂತರೆ ಹಳೇ ವರ್ಷದ ಲೆಕ್ಕವೇ ಕೆಡುತ್ತದೆ.

ಇದಕ್ಕೆಲ್ಲ ಸರಿಯಾದ ಔಷಧಿ ಟೆಂಪೊರಲ್, ಅಂದರೆ ಜಾವಾಸ್ಕ್ರಿಪ್ಟ್‌ನದೇ ಹೊಸ ತಾರೀಕು ಸೌಲಭ್ಯ. ಅದರ 'ಪ್ಲೇನ್-ಡೇಟ್'ಗೆ ಗಂಟೆಯೂ ಇಲ್ಲ, ಟೈಮ್‌ಝೋನೂ ಇಲ್ಲ, ಮಂಡಿಗೆ ಬೇಕಾದ್ದು ಅದೇ. ಜನವರಿ ಅಂದರೆ 1, ಹಳೇ ಡೇಟ್‌ನ ಹಾಗೆ 0 ಅಲ್ಲ. ಫೈರ್‌ಫಾಕ್ಸ್‌ನ 139ನೇ ಆವೃತ್ತಿಯಲ್ಲಿ, 2025ರ ಮೇನಲ್ಲಿ ಬಂತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಖುಷಿಪಟ್ಟೆ. ಗುಮಾಸ್ತರು ಇನ್ನೂ ಹಳೇ ಆಂಡ್ರಾಯ್ಡ್ ಫೋನಿನಲ್ಲೇ ಪಟ್ಟಿ ಬರೆಯುತ್ತಾರೆ. ಬ್ರೌಸರ್ ಅಪ್‌ಡೇಟ್ ಮಾಡಿ ಅಂದರೆ, 'ಜಾಗ ಇಲ್ಲ ತಮ್ಮಾ, ಮೊಮ್ಮಗನ ಫೋಟೋ ಅದಾವು' ಅಂತಾರೆ.