ಕೋಂಕ್‌ ಚರ್ಚಿನ ಸಂಜೆ ವಿವರಣೆ: ಬೇಲೂರಿನವರೊಬ್ಬರ ಅನುಭವ

ಬೇಲೂರಿನಲ್ಲಿ ಹುಟ್ಟಿ ಬೆಳೆದ ನನಗೆ ಗುಡಿಯ ಮುಂದೆ ನಿಂತು ಶಿಲ್ಪಗಳ ವಿವರಣೆ ಕೇಳುವುದು ಹೊಸದಲ್ಲ. ಆದರೂ ಮಗಳು ಓದುತ್ತಿರುವ ಫ್ರಾನ್ಸಿಗೆ ಹೋಗಿದ್ದಾಗ, ಕೋಂಕ್‌ ಎಂಬ ಪುಟ್ಟ ಊರಿನಲ್ಲಿ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಸನ್ಯಾಸಿಯೊಬ್ಬರು ಚರ್ಚಿನ ಬಾಗಿಲಲ್ಲಿ ನಿಂತು ಕೊಟ್ಟ ವಿವರಣೆ ಇಂದಿಗೂ ಮನಸ್ಸಿನಲ್ಲಿದೆ. ಮಕ್ಕಳನ್ನು ನೋಡಲು ಹಾಸನದಿಂದ ಆ ಕಡೆ ಹೋಗುವವರು ಬೇಸಿಗೆಯಾಗಿದ್ದರೆ ಇದಕ್ಕೆಂದೇ ಅಲ್ಲಿ ಒಂದು ರಾತ್ರಿ ತಂಗಬೇಕು.

ದಕ್ಷಿಣ ಫ್ರಾನ್ಸಿನ ಆವೇರೋನ್‌ ಜಿಲ್ಲೆಯಲ್ಲಿ, ರೊದೆಜ್‌ ಪಟ್ಟಣದಿಂದ ಸುಮಾರು 40 ಕಿ.ಮೀ. ದೂರದ ಕಾಡುಕಣಿವೆಯ ಇಳಿಜಾರಿನಲ್ಲಿ ಈ ಊರಿದೆ; ಮನೆಗಳ ಮಾಡಿಗೆ ಹೆಂಚಿನ ಬದಲು ಕಲ್ಲಿನ ಬಿಲ್ಲೆಗಳನ್ನು ಹೊದಿಸಿದ್ದಾರೆ. ಎಳೆಯ ವಯಸ್ಸಿನಲ್ಲೇ ಧರ್ಮಕ್ಕಾಗಿ ಪ್ರಾಣ ಕೊಟ್ಟ ಸಂತ ಫ್ವಾ ಎಂಬ ಹುಡುಗಿಯ ಅಸ್ಥಿಯನ್ನು ಇಲ್ಲಿನ ಸನ್ಯಾಸಿಯೊಬ್ಬ 9ನೇ ಶತಮಾನದಲ್ಲಿ ಆಜೆನ್‌ ಊರಿನಿಂದ ಕದ್ದು ತಂದನಂತೆ. ಆಮೇಲೆಯೇ ಈ ಮಠ ದೊಡ್ಡ ಯಾತ್ರಾಸ್ಥಳವಾಯಿತು. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುವ ನಮ್ಮ ಪಾದಯಾತ್ರಿಗಳಂತೆ, ಸ್ಪೇನಿನ ಸಾಂತಿಯಾಗೊಗೆ ನಡೆದು ಹೋಗುವವರು ಇಂದಿಗೂ ಇಲ್ಲಿ ತಂಗುತ್ತಾರೆ.

ವಿವರಣೆಯೆಲ್ಲವೂ ಬಾಗಿಲ ಮೇಲಿನ 12ನೇ ಶತಮಾನದ ಅರ್ಧಚಂದ್ರಾಕಾರದ ಶಿಲ್ಪಫಲಕದ್ದು. ಲೋಕದ ಕೊನೆಯಲ್ಲಿ ದೇವರು ಎಲ್ಲರ ಪಾಪಪುಣ್ಯ ಅಳೆಯುವನೆಂದು ಕ್ರೈಸ್ತರು ನಂಬುವ ಕಡೆಯ ತೀರ್ಪಿನ ದಿನವನ್ನು ತೋರಿಸುವ 124 ಆಕೃತಿಗಳು ಅಲ್ಲಿವೆ. ನಮ್ಮ ಬಳಪದ ಕಲ್ಲಿನ ನವಿರು ಕುಸುರಿ ಇಲ್ಲಿಲ್ಲ, ಆದರೆ ಕಥೆ ಹೇಳುವ ಶಕ್ತಿ ಅಪಾರ. ನರಕದ ಪಾಲಿನಲ್ಲಿ ಜಿಪುಣನೊಬ್ಬ ಕೊರಳಲ್ಲಿ ಹಣದ ಚೀಲದೊಂದಿಗೇ ನೇಣಿಗೆ ಬಿದ್ದಿದ್ದಾನೆ. ಇನ್ನೂ ಮೇಲೆ, ಕಮಾನಿನ ಅಂಚಿನ ಕಲ್ಲುಪಟ್ಟಿಯನ್ನು ಬೆರಳುಗಳಿಂದ ಹಿಡಿದು, ಕಣ್ಣು ಮೂಗಷ್ಟೇ ಕಾಣುವಂತೆ ಪುಟ್ಟ ಮುಖಗಳು ಇಣುಕುತ್ತವೆ. ಮಗಳು ಫ್ರೆಂಚ್‌ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತ, "ಅಪ್ಪಾ, ಆ ಅಂಚನ್ನು ನೋಡಿ" ಎಂದು ಕೈ ತೋರಿಸದಿದ್ದರೆ ಅವು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಳಗಿನ ಕಿಟಕಿಗಳು 1994ರವು. ರೊದೆಜ್‌ನಲ್ಲೇ ಹುಟ್ಟಿದ ಚಿತ್ರಕಾರ ಪಿಯೆರ್‌ ಸುಲಾಜ್‌ ರೂಪಿಸಿದವು. ಬಣ್ಣವೂ ಚಿತ್ರವೂ ಇಲ್ಲದ ಆ ಗಾಜು ಮೊದಲ ನೋಟಕ್ಕೆ ಬೋಳೆನಿಸಿತು, ಹೊತ್ತಿಳಿದಂತೆ ಬೆಳಕು ಅದರಲ್ಲಿ ಬದಲಾಗುವುದನ್ನು ಕಂಡ ಮೇಲೆ ಅಭಿಪ್ರಾಯ ಬದಲಿಸಿಕೊಂಡೆ.

ಓಣಿಗಳು ಕಡಿದಾಗಿವೆ, ಕಲ್ಲುಹಾಸು ಒರಟು. ಮಂಡಿನೋವಿನವರು ಕೋಲು ಹಿಡಿದೇ ಹೋಗಬೇಕು. ಊಟಕ್ಕೆ ಆ ಸೀಮೆಯ ಆಲಿಗೋ ಕೇಳಿ ಪಡೆಯಿರಿ. ಬೇಯಿಸಿದ ಆಲೂಗಡ್ಡೆಗೆ ತಾಜಾ ಚೀಸ್‌ ಹಾಕಿ, ಎಳೆಎಳೆಯಾಗಿ ಮೇಲೇಳುವವರೆಗೂ ಮರದ ಸೌಟಿನಿಂದ ತಿರುವುವುದನ್ನು ಕಂಡು, ಮುದ್ದೆ ತಿರುವಿ ಪಳಗಿದ ನನ್ನ ಮನೆಯವರು ಪಾತ್ರೆಯ ಬಳಿಯೇ ನಿಂತುಬಿಟ್ಟರು.