ಬೆಂಗಳೂರಿನ ಮೂರನೇ ಮಹಡಿಯ ಆ ಬಾರ್: ನಮ್ಮ ಕಡೆಯಿಂದ ಹೋಗುವವರಿಗೆ ಎಚ್ಚರಿಕೆ

ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ವ್ಯಾಪಾರಕ್ಕೋ ಕೋರ್ಟು ಕಚೇರಿ ಕೆಲಸಕ್ಕೋ ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಸರೆಗೆ ಇಪ್ಪತ್ತು ದಿನ ಇರುವಾಗ ಬ್ರಿಗೇಡ್ ರಸ್ತೆಯ ಆಸುಪಾಸಿನ ಒಂದು ಬಾರಿನಲ್ಲಿ ನನ್ನಿಂದಲೂ ನನ್ನ ಚಿಕ್ಕಪ್ಪನ ಮಗನಿಂದಲೂ 34,176 ರೂಪಾಯಿ ಸುಲಿದರು. ನಾವಿಬ್ಬರೂ ಸೇರಿ ಕುಡಿದದ್ದು ನಾಲ್ಕು ಪೆಗ್. ನಮ್ಮ ಘಟಕದಲ್ಲಿ ಹೊಲಿಯುವವರಿಗೆ ಶನಿವಾರ ಬಟವಾಡೆ ಮಾಡಬೇಕಿದ್ದ ಹಣ ಅದು.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ, ಹನ್ನೆರಡು ಮಷಿನ್. ಬಳ್ಳಾರಿಯಲ್ಲಿ ಈ ಕಸುಬು ಮಾಡುವವರಿಗೆಲ್ಲ ಗೊತ್ತು, ಮಾಲು ಕಳಿಸುವುದು ಸುಲಭ, ಬಾಕಿ ವಸೂಲಿ ಮಾಡುವುದು ಕಷ್ಟ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು, ಬಾಕಿಯ ಅರ್ಧಕ್ಕೆ ಚೆಕ್ಕು, ಸ್ವಲ್ಪ ನಗದು ಪಡೆದೆವು. ನಗದಿನ ಹೆಚ್ಚಿನ ಪಾಲನ್ನು ಮೆಜೆಸ್ಟಿಕ್‌ನ ಲಾಡ್ಜಿನಲ್ಲಿ ಬ್ಯಾಗಿನ ತಳಕ್ಕೆ ಸೇರಿಸಿ, 14,000 ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದೆವು. ತಮ್ಮನಿಗೆ ಎಂ.ಜಿ. ರಸ್ತೆ ನೋಡುವ ಆಸೆ. ಮೆಟ್ರೊ ಹತ್ತಿ ಹೋದೆವು.

ರಾತ್ರಿ ಎಂಟರ ಸುಮಾರಿಗೆ ಪಾದಚಾರಿ ದಾರಿಯ ಅಂಚಿನಲ್ಲಿ ನಿಂತು ಊಟಕ್ಕೆ ಎಲ್ಲಿ ಹೋಗೋಣ ಎಂದು ಮಾತನಾಡುತ್ತಿದ್ದಾಗ ಒಬ್ಬ ಹತ್ತಿರ ಬಂದ. ಮೂವತ್ತರ ಆಸುಪಾಸಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. "ಅಣ್ಣಾ, ಮಾತು ಕೇಳಿದರೆ ನಮ್ಮ ಕಡೆಯವರ ಹಾಗೆ ಕಾಣುತ್ತೀರಿ. ಬಳ್ಳಾರಿಯೇ?" ಎಂದ. ತನ್ನದು ಸಿರುಗುಪ್ಪ ಎಂದ. ಕಾಲುವೆಗೆ ನೀರು ಬಿಟ್ಟಿದ್ದಾರೆಯೇ, ಸೋನಾ ಮಸೂರಿ ಈಗ ಏನು ದರ ನಡೆಯುತ್ತಿದೆ ಎಂದೆಲ್ಲ ಕೇಳಿದ. ದಿನವಿಡೀ ಅಂಗಡಿಯವನ ಮುಂದೆ ಕೈಕಟ್ಟಿ ಕೂತು ಬಂದವರಿಗೆ ಆ ನಾಲ್ಕು ಮಾತು ಎಷ್ಟು ಹಿತವಾಗಿತ್ತೆಂದರೆ, ಅವನು ಯಾರು, ಯಾಕೆ ಬಂದ ಎಂದು ಯೋಚಿಸಲೇ ಇಲ್ಲ. ತಾನು ಕೆಲಸ ಮಾಡುವ ಜಾಗ ಪಕ್ಕದ ಅಡ್ಡರಸ್ತೆಯಲ್ಲೇ ಇದೆ, ಒಳಗೆ ಬರಲು ದುಡ್ಡು ಕೊಡಬೇಕಿಲ್ಲ, ಪೆಗ್ಗಿಗೆ 250, ಹಾಡು ಕೇಳುತ್ತಾ ಊಟ ಮಾಡಬಹುದು ಎಂದ. ನಾವು ಹಿಂದೆ ನಡೆದೆವು.

ಆ ಜಾಗಕ್ಕೆ ರಸ್ತೆಯಲ್ಲಿ ಬೋರ್ಡು ಇರಲಿಲ್ಲ. ಕೆಳಗೆ ಶಟರ್ ಎಳೆದ ಅಂಗಡಿಗಳು, ಬದಿಯಲ್ಲಿ ಒಂದು ಲಿಫ್ಟು. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದರೆ ನೇರವಾಗಿ ನೀಲಿ ಬೆಳಕಿನ ಹಾಲು. ಮೆಟ್ಟಿಲಿನ ಬಾಗಿಲಿಗೆ ಒಳಗಿನಿಂದ ಸರಪಳಿ ಸುತ್ತಿ ಬೀಗ ಹಾಕಿದ್ದರು. ಅದನ್ನು ನಾನು ಕಣ್ಣಾರೆ ಕಂಡೆ, ಕಂಡೂ ಒಳಗೆ ಹೋದೆ. 2018ರ ಜನವರಿಯಲ್ಲಿ ಇದೇ ಬೆಂಗಳೂರಿನ ಕಲಾಸಿಪಾಳ್ಯದ ಬಳಿ ಬಾರೊಂದಕ್ಕೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತಿದ್ದರು. ಅದಕ್ಕೂ ಹತ್ತು ದಿನ ಮೊದಲು ಮುಂಬೈನ ಕಮಲಾ ಮಿಲ್ಸ್ ಆವರಣದ ಪಬ್ಬಿನ ಬೆಂಕಿಯಲ್ಲಿ 14 ಮಂದಿ ಹೋದರು. ಹಣದ ಮಾತು ಹಾಗಿರಲಿ, ಮೆಟ್ಟಿಲಿಗೆ ಬೀಗ ಹಾಕಿದ ಮಹಡಿಯಲ್ಲಿ ದಯವಿಟ್ಟು ಕೂರಬೇಡಿ.

ಬಾಗಿಲಲ್ಲಿ ಆಧಾರ್ ಕೇಳಿದರು. ವಯಸ್ಸು ನೋಡಬೇಕು, 21 ಆಗದವರನ್ನು ಒಳಗೆ ಬಿಡುವುದಿಲ್ಲ ಎಂದರು. ನನಗೆ 43, ತಲೆ ಅರ್ಧ ಬೆಳ್ಳಗಾಗಿದೆ. ಆದರೂ ಕೊಟ್ಟೆ. ಕಾರ್ಡನ್ನು ಮೇಜಿನ ಮೇಲಿಟ್ಟು ಹಿಂದೆ ಮುಂದೆ ಎರಡೂ ಕಡೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ವಯಸ್ಸು ನೋಡಲು ಫೋಟೊ ಯಾಕೆ ಎಂದು ಕೇಳಬೇಕಿತ್ತು. ಅಷ್ಟು ಹೊತ್ತಿಗೆ ಸಿರುಗುಪ್ಪದವನು ಲಿಫ್ಟಿನಲ್ಲಿ ಕೆಳಗೆ ಇಳಿದು ಹೋಗಿದ್ದ.

ದರಪಟ್ಟಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 250 ಎಂದೇ ಇತ್ತು. ಓದಲು ಮೊಬೈಲಿನ ಟಾರ್ಚ್ ಹಾಕಿದೆ. ಬೇರೆ ಗಿರಾಕಿಗಳಿಗೆ ತೊಂದರೆಯಾಗುತ್ತದೆ ಎಂದು ಹೇಳಿ ವೇಟರ್ ಪಟ್ಟಿಯನ್ನೇ ತೆಗೆದುಕೊಂಡು ಹೋದ. ಆ ದರ ಸಂಜೆ ಏಳರೊಳಗೆ ಮಾತ್ರ, ಆಮೇಲೆ 950 ಎಂಬುದು ಬಿಲ್ಲು ಬಂದ ಮೇಲೆ ತಿಳಿಯಿತು. ಪಕ್ಕದ ಮೇಜಿನಲ್ಲಿ ಹುಕ್ಕಾ ಹೊಗೆಯಾಡುತ್ತಿತ್ತು. ರಾಜ್ಯ ಸರ್ಕಾರ ಹುಕ್ಕಾವನ್ನು 2024ರ ಫೆಬ್ರುವರಿಯಲ್ಲೇ ನಿಷೇಧಿಸಿದೆ. ನಿಷೇಧವಾದದ್ದನ್ನು ರಾಜಾರೋಷವಾಗಿ ಮೇಜಿನ ಮೇಲಿಡುವವರು ಗಿರಾಕಿಯ ಬಿಲ್ಲಿನಲ್ಲಿ ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ?

ಸ್ವಲ್ಪ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳು ಬಂದು ನಮ್ಮ ಮೇಜಿನಲ್ಲಿ ಕೂತರು. ನಾವು ಕರೆದಿರಲಿಲ್ಲ. ಊರು ಯಾವುದು, ಏನು ಕೆಲಸ ಎಂದು ಕೇಳಿದರು. ನಾವು ಏನೂ ಹೇಳದಿದ್ದರೂ ವೇಟರ್ ಅವರ ಮುಂದೆ ಹೆಬ್ಬೆರಳಿನಷ್ಟು ಸಣ್ಣ ಗ್ಲಾಸು ತಂದಿಟ್ಟ, ಕಿತ್ತಳೆ ಬಣ್ಣದ್ದು. ನನ್ನ ಪಕ್ಕದಲ್ಲಿದ್ದ ಹುಡುಗಿ ಅದನ್ನು ತುಟಿಗೆ ತಾಗಿಸಿದಂತೆ ಮಾಡಿ, ಕೈ ಕೆಳಗಿಳಿಸಿ, ಮೇಜಿನಡಿಯ ಐಸ್ ಬಕೆಟ್ಟಿಗೆ ಸುರಿದಳು. ಖಾಲಿ ಗ್ಲಾಸು ಮೇಲೆ ಬಂತು, ವೇಟರ್ ಇನ್ನೊಂದು ಇಟ್ಟ. ಮೂರನೆಯ ಸಲ ನಾನು ನೋಡುತ್ತಿರುವುದು ಅವಳಿಗೂ ಗೊತ್ತಾಯಿತು. ಅವಳು ಮುಖ ತಿರುಗಿಸಿಕೊಂಡಳು. ಆ ಹುಡುಗಿಯ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಗ್ಲಾಸು ಲೆಕ್ಕ ಹಾಕಿ ದುಡಿಸಿಕೊಳ್ಳುವವರು ಬೇರೆ, ಅವರು ಕೌಂಟರಿನ ಹಿಂದೆ ಇದ್ದರು.

ನಾನು ಎದ್ದು ಬಿಲ್ಲು ತನ್ನಿ ಎಂದೆ. ತಂದರು. ನಮ್ಮ ನಾಲ್ಕು ಪೆಗ್ಗಿಗೆ 3,800. ಕೇಳದೆ ಇಟ್ಟ ಎರಡು ತಟ್ಟೆ ಶೇಂಗಾ, ಸೌತೆಕಾಯಿಗೆ 1,700. ಆ ಸಣ್ಣ ಗ್ಲಾಸು ಒಂದಕ್ಕೆ 1,800ರಂತೆ ಒಂಬತ್ತಕ್ಕೆ 16,200. ಟೇಬಲ್ ಚಾರ್ಜ್ ಎಂದು 5,000. ಅಲ್ಲಿಗೆ 26,700 ಆಯಿತು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 4,806, ಶೇಕಡಾ 10 ಸೇವಾ ಶುಲ್ಕ 2,670.

ನಾನು ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ತುಂಬುವವನು. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗಿ ಹದಿನೈದು ಅಕ್ಷರ ಅಂಕಿ ಇರುತ್ತದೆ. ಆ ಬಿಲ್ಲಿನಲ್ಲಿ ಆ ಸಂಖ್ಯೆಯೇ ಇರಲಿಲ್ಲ, ಬಾರಿನ ಹೆಸರೂ ಇರಲಿಲ್ಲ. 2022ರ ಜನವರಿಯಿಂದ ಊಟ ತಿಂಡಿಯ ಬಿಲ್ಲಿನಲ್ಲಿ ಹದಿನಾಲ್ಕು ಅಂಕಿಯ ಆಹಾರ ಸುರಕ್ಷತೆ ಪರವಾನಗಿ ಸಂಖ್ಯೆ ಕಡ್ಡಾಯ, ಅದೂ ಇಲ್ಲ. ಕುಡಿಯುವ ಮದ್ಯ ಜಿಎಸ್‌ಟಿಯ ವ್ಯಾಪ್ತಿಯಲ್ಲೇ ಇಲ್ಲ, ಪೆಗ್ಗಿನ ಮೇಲೆ ಯಾರಾದರೂ ಜಿಎಸ್‌ಟಿ ಹಾಕಿದರೆ ಅದು ಸುಳ್ಳು ತೆರಿಗೆ. ಸೇವಾ ಶುಲ್ಕವನ್ನು ಗಿರಾಕಿ ಒಪ್ಪದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಇಷ್ಟರಲ್ಲಿ ಜಿಎಸ್‌ಟಿ ಮಾತು ನನಗೆ ಆಗಲೇ ಗೊತ್ತಿತ್ತು, ಹೇಳಿಯೂ ಹೇಳಿದೆ.

ಆಗ ಇಬ್ಬರು ಬೌನ್ಸರ್‌ಗಳು ಬಂದು ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವರಲ್ಲೊಬ್ಬ ಮೊಬೈಲ್ ತೆಗೆದು ನನ್ನ ಆಧಾರ್ ಕಾರ್ಡಿನ ಹಿಂಬದಿಯ ಫೋಟೊ ದೊಡ್ಡದು ಮಾಡಿಕೊಂಡು ಓದಲು ಶುರುಮಾಡಿದ. ಮೊದಲು ನಮ್ಮ ಅಪ್ಪನ ಹೆಸರು. ಆಮೇಲೆ ಮನೆ ಸಂಖ್ಯೆ, ವಾರ್ಡು, ಓಣಿಯ ಹೆಸರು, ಕೌಲ್ ಬಜಾರ್, ಬಳ್ಳಾರಿ. ಪಿನ್‌ಕೋಡನ್ನು ಒಂದೊಂದೇ ಅಂಕಿಯಾಗಿ ಓದಿದ. ಓದಿ ಮುಗಿಸಿ, ಇನ್ನೊಂದು ಫೋಟೊ ತೋರಿಸಿದ. ಆ ಹುಡುಗಿ ಪಕ್ಕದಲ್ಲಿ, ಕೈಯಲ್ಲಿ ಗ್ಲಾಸು ಹಿಡಿದ ನಾನು. "ಮನೆಯಲ್ಲಿ ಯಾರು ಯಾರು ಇದ್ದಾರೆ ಸಾರ್?" ಎಂದ. ಅಷ್ಟೇ ಕೇಳಿದ್ದು.

ನನ್ನ ಕೈ ನಡುಗಿತು. ತಮ್ಮ ಮಾತ್ರ "ಅಣ್ಣಾ, ಪೊಲೀಸರಿಗೆ ಫೋನ್ ಮಾಡೋಣ" ಎಂದ. ಅವನ ಮಾತು ಕೇಳಬೇಕಿತ್ತು. ನಾನು ಅವನ ಕೈ ಒತ್ತಿ ಸುಮ್ಮನಾಗಿಸಿದೆ. ಜೇಬಿನ 14,000 ಕೊಟ್ಟೆ, ಉಳಿದ 20,176 ರೂಪಾಯಿಯನ್ನು ಅವರು ತೋರಿಸಿದ ಕ್ಯೂಆರ್‌ಗೆ ಹಾಕಿದೆ. ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬಂದದ್ದು ಬಾರಿನ ಹೆಸರಲ್ಲ, ಯಾವುದೋ ಮೊಬೈಲ್ ಬಿಡಿಭಾಗಗಳ ಅಂಗಡಿಯದು. ಲಿಫ್ಟು ಬಂತು, ಕೆಳಗೆ ಬಂದೆವು. ಆ ರಾತ್ರಿ ಊಟ ಮಾಡಲಿಲ್ಲ.

ಅಲ್ಲೇ 112ಕ್ಕೆ ಕರೆ ಮಾಡಿದ್ದರೆ ಹೊಯ್ಸಳ ಗಸ್ತು ವಾಹನ ಬರುತ್ತಿತ್ತು. ಬಿಲ್ಲಿನ ಬಗ್ಗೆ ತಕರಾರಿದ್ದರೆ ಅದನ್ನು ಬಗೆಹರಿಸಲು ದಾರಿಗಳಿವೆ, ಆದರೆ ಗಿರಾಕಿಯನ್ನು ಹೊರಗೆ ಬಿಡದೆ ತಡೆದು ನಿಲ್ಲಿಸುವ ಅಧಿಕಾರ ಯಾವ ಬಾರಿನವರಿಗೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮ ಬಂಧನಕ್ಕೆ 127ನೇ ಕಲಂ ಇದೆ, ಹೆದರಿಸಿ ಹಣ ಕೀಳುವುದಕ್ಕೆ 308ನೇ ಕಲಂ ಇದೆ. ಎರಡು ಪೆಗ್ ಕುಡಿದದ್ದು ಅಪರಾಧವಲ್ಲ, ಪಕ್ಕದಲ್ಲಿ ಯಾರೋ ಬಂದು ಕೂತದ್ದೂ ಅಪರಾಧವಲ್ಲ. ಅಪರಾಧ ಮಾಡಿದವರು ಲಿಫ್ಟಿಗೆ ಅಡ್ಡ ನಿಂತವರು. ನಾನು ಮಾತ್ರ ನಾನೇ ಕಳ್ಳ ಎಂಬಂತೆ ತಲೆತಗ್ಗಿಸಿ ನಿಂತಿದ್ದೆ.

ಊರಿಗೆ ಬಂದು ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಬಟವಾಡೆಗೆ ಕೈಸಾಲ ಮಾಡಿದೆ. ಮನೆಯವಳು ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ಹಿಡಿದಿದ್ದಳು. ಕೊನೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಫೋಟೊ ಕಳಿಸುತ್ತೇವೆ ಎಂದರೆ ಕಳಿಸಿರಪ್ಪಾ ಎನ್ನಬೇಕಿತ್ತು. ನನ್ನನ್ನು ಇಷ್ಟೇನಾ ನೀವು ತಿಳಿದುಕೊಂಡದ್ದು?" ಎಂದಳು. ಹಣ ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಮರುದಿನವೇ ಬ್ಯಾಂಕಿಗೆ ಹೋದೆ. ಪಿನ್ ನೀವೇ ಒತ್ತಿದ್ದೀರಿ, ತಡವೂ ಆಗಿದೆ, ನಮ್ಮಿಂದ ಏನೂ ಆಗುವುದಿಲ್ಲ ಎಂದರು. ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ ಜೀರೊ ಎಫ್‌ಐಆರ್ ಬರೆಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಇದಕ್ಕಾಗಿ ಮತ್ತೆ ಬೆಂಗಳೂರಿಗೆ ಓಡಾಡಬೇಕು ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು, ಹಾಗೆ ಓಡಾಡಬೇಕಾಗಿಲ್ಲ. ದೂರು ಈಗ ಬೆಂಗಳೂರಿನ ಠಾಣೆಗೆ ವರ್ಗವಾಗಿದೆ. ಸುಳ್ಳು ತೆರಿಗೆ, ಸೇವಾ ಶುಲ್ಕದ ಬಗ್ಗೆ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ.

ಬೆಂಗಳೂರಿನ ಬಾರುಗಳೆಲ್ಲ ಹೀಗೇ ಎಂದು ನಾನು ಹೇಳುತ್ತಿಲ್ಲ. ಹೊರಗೆ ಬೋರ್ಡು ಹಾಕಿ, ಗೋಡೆಯ ಮೇಲೆ ಅಬಕಾರಿ ಇಲಾಖೆಯ ಲೈಸೆನ್ಸ್ ತೂಗುಹಾಕಿ, ದರಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರು ರಸ್ತೆಯಲ್ಲಿ ಆಳು ನಿಲ್ಲಿಸಿ ಗಿರಾಕಿಯನ್ನು ಕೈಹಿಡಿದು ಕರೆತರುವುದಿಲ್ಲ. ಹುಡುಗರಿಗೆ ಇನ್ನೊಂದು ಮಾತು: ಇದೇ ಬಲೆಯನ್ನು ಡೇಟಿಂಗ್ ಆ್ಯಪ್‌ಗಳ ಮೂಲಕವೂ ಬೀಸುತ್ತಾರೆ. ಪರಿಚಯವಾದವಳು ಇಂಥ ಜಾಗಕ್ಕೇ ಬಾ ಎಂದು ಕರೆಯುತ್ತಾಳೆ, ದುಬಾರಿ ಡ್ರಿಂಕ್ ತರಿಸಿ ಎದ್ದು ಹೋಗುತ್ತಾಳೆ, ಬಿಲ್ಲು ನಿಮ್ಮ ತಲೆಗೆ. 2024ರಲ್ಲಿ ಹೈದರಾಬಾದ್‌ನ ಹೈಟೆಕ್ ಸಿಟಿ ಕಡೆ ಪೊಲೀಸರು ಇಂಥದೊಂದು ಜಾಲವನ್ನು ಹಿಡಿದಿದ್ದರು. ರಾಯಚೂರಿನಿಂದ ಕೆಲಸಕ್ಕೆ, ಓದಿಗೆ ಹೈದರಾಬಾದ್‌ಗೆ ಹೋಗುವ ಹುಡುಗರು ಕಡಿಮೆ ಇಲ್ಲ, ಅವರೂ ತಿಳಿದಿರಲಿ. ಜಾಗವನ್ನು ನೀವೇ ಆರಿಸಿ.

ಠಾಣೆಗೆ ಹೋಗಿ ಬಂದ ಸುದ್ದಿ ಓಣಿಯಲ್ಲಿ ಹಬ್ಬಿತು. ನನಗೆ ಅದೇ ಭಯವಿತ್ತು. ಆದರೆ ಮೂರನೇ ದಿನ ಸಂಜೆ, ನಾನು ಹತ್ತು ವರ್ಷದಿಂದ ಜೀನ್ಸ್ ತೊಳೆಸುವ ವಾಷಿಂಗ್ ಘಟಕದ ಯಜಮಾನರು ಮನೆಗೆ ಬಂದರು. ಚಹಾ ಕುಡಿದು, ನಮ್ಮವಳು ಒಳಗೆ ಹೋದ ಮೇಲೆ, ಲಿಫ್ಟು ಮೂರನೇ ಮಹಡಿಗೇ ಹೋಗುತ್ತಿತ್ತಾ ಎಂದು ಕೇಳಿದರು. ಎರಡು ವರ್ಷದ ಹಿಂದೆ ಅವರೂ ಅಲ್ಲೇ 28,000 ಕಳೆದುಕೊಂಡಿದ್ದರು. ಅವರನ್ನು ಕರೆದೊಯ್ದವನು ತನ್ನದು ಸಂಡೂರು ಎಂದಿದ್ದನಂತೆ. ನಾನು ಚಿಕ್ಕಪೇಟೆಗೆ ಹೊರಡುವ ಹಿಂದಿನ ದಿನವೂ ಅವರನ್ನು ಭೇಟಿಯಾಗಿದ್ದೆ, ಬ್ರಿಗೇಡ್ ರಸ್ತೆ ನೋಡಿ ಬರುತ್ತೇವೆ ಎಂದೂ ಹೇಳಿದ್ದೆ. ಅವರು ಒಂದು ಮಾತು ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ನಾಚಿಕೆಯಿಂದ ಹೇಳಲಿಲ್ಲ ಎಂದು ಅವರು ಕಣ್ಣೀರು ಹಾಕಿದರು. ಮಾರನೆಯ ದಿನ ಇಬ್ಬರೂ ಸೇರಿ ಅವರ ಹಳೆಯ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿದೆವು. ಹಣ ಹೋದದ್ದು ಅದೇ ಮೊಬೈಲ್ ಅಂಗಡಿಯ ಹೆಸರಿಗೆ. ಅವರ ಹೇಳಿಕೆಯನ್ನೂ ಪ್ರಕರಣಕ್ಕೆ ಸೇರಿಸಲು ಅರ್ಜಿ ಕೊಟ್ಟಿದ್ದೇವೆ.

ಬ್ರಿಗೇಡ್ ರಸ್ತೆಯ ಸುತ್ತಮುತ್ತ ಹೀಗೆ ಹಣ ಕೊಟ್ಟು ಬಂದವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇರಬೇಕು. ನಿಮ್ಮ ಯುಪಿಐ ಇತಿಹಾಸದಲ್ಲಿ ಆ ದಿನಾಂಕವನ್ನು ಹುಡುಕಿ, ಹಣ ಯಾರ ಹೆಸರಿಗೆ ಹೋಗಿದೆ ನೋಡಿ, ವಹಿವಾಟಿನ ಸಂಖ್ಯೆ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ನಿಮ್ಮ ಊರಿನ ಠಾಣೆಗೆ ಹೋಗಿ ದೂರು ಬರೆಸಿ. ಒಬ್ಬರೇ ಹೋಗಲು ಸಂಕೋಚವಾದರೆ ತಿಳಿಸಿ, ಬಳ್ಳಾರಿಯ ಯಾವ ಠಾಣೆಯಾದರೂ ನಾನು ನಿಮ್ಮ ಜೊತೆ ಬರುತ್ತೇನೆ.